ನಮ್ಮ ಸಂಸಾರ ದೊಡ್ಡದು: ಹಾಗಾದರೆ ಮುದುಕರ ಪಾಲು ಎಲ್ಲಿ?

1958ರಲ್ಲಿ ಮದರಾಸಿನಲ್ಲಿ ತಯಾರಾದ ಒಂದು ತಮಿಳು ಚಲಚ್ಚಿತ್ರದ ಹೆಸರು ‘ಎಂಗಳ್ ಕುಡುಂಬಂ ಪೆರಿಸು’. ನಮ್ಮ ಸಂಸಾರ ದೊಡ್ಡದು ಎಂದು ಅದರ ಅರ್ಥ. ಇದೇ ಕಥೆ ಅದೇ ವರ್ಷ ಕನ್ನಡದಲ್ಲಿ ‘ಸ್ಕೂಲ್ ಮಾಸ್ಟರ್’ ಎಂಬ ಹೆಸರಿನಲ್ಲಿ ಬಂದಿತು, 25 ವಾರ ಓಡಿದ ಮೊದಲ ಕನ್ನಡ ಚಿತ್ರವೆಂದು ಹೆಸರು ಪಡೆಯಿತು. ಎರಡರ ನಿರ್ದೇಶಕರೂ ಬಿ. ಆರ್. ಪಂತುಲು. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ಹಿರಿಯರನ್ನು ಕೇಳಿ ನೋಡಿ, ಈ ಚಿತ್ರವನ್ನು ನೋಡಿ ಅಳದೆ ಎದ್ದು ಬಂದವರು ಸಿಕ್ಕುವುದು ಅಪರೂಪ. ಇಂದಿಗೂ ಮೊಮ್ಮಕ್ಕಳ ಮೊಬೈಲಿನಲ್ಲಿ ಅದನ್ನು ಹಾಕಿಸಿಕೊಂಡು ಕಣ್ಣೊರೆಸಿಕೊಳ್ಳುವವರಿದ್ದಾರೆ.

ಈ ಚಿತ್ರದ ಮೇಲೆ ನಮಗೊಂದು ತಕರಾರು ಇದೆ. ಅದು ಭಾಷೆಯ ತಕರಾರಲ್ಲ. ನಮ್ಮ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತವೆ. ಕಲೆಯ ತಕರಾರೂ ಅಲ್ಲ. ನಮ್ಮದು ಮುದುಕರ ಅನ್ನದ ತಕರಾರು.

ಮೊದಲು ಸಲ್ಲಬೇಕಾದ ಗೌರವ ಸಲ್ಲಲಿ. ಪಂತುಲು ಅವರ ಹೆಸರಿನ ಮೊದಲಕ್ಷರ ಬೂದಗೂರಿನದು. ಕೋಲಾರ, ಕುಪ್ಪಂ ಕಡೆಯ ಹಲವು ಭಾಷೆಯ ಗಡಿಸೀಮೆಯ ಮನುಷ್ಯ ಅವರು. 1936ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ನಿರ್ದೇಶಿಸಿದ ‘ಸಂಸಾರ ನೌಕ’ದಲ್ಲಿ ಎಂ. ವಿ. ರಾಜಮ್ಮನವರೊಂದಿಗೆ ನಟಿಸಿದರು. ಪುರಾಣದ ಕಥೆಗಳೇ ತುಂಬಿದ್ದ ಕಾಲದಲ್ಲಿ ಅದು ಕನ್ನಡದ ಮೊದಲ ಸಾಮಾಜಿಕ ವಾಕ್ಚಿತ್ರ. ರಾಜಮ್ಮನವರು 1943ರಲ್ಲಿ ‘ರಾಧಾರಮಣ’ವನ್ನು ತಾವೇ ತಯಾರಿಸಿ, ಗಂಡಸರ ಸಾಮ್ರಾಜ್ಯವಾಗಿದ್ದ ಉದ್ಯಮದಲ್ಲಿ ಕನ್ನಡದ ಮೊದಲ ಮಹಿಳಾ ನಿರ್ಮಾಪಕಿಯೆನಿಸಿದ ಧೀರೆ. ‘ಸಂಸಾರ ನೌಕ’ ಬಂದ 22 ವರ್ಷಗಳ ಮೇಲೆ ಈ ಇಬ್ಬರೇ ‘ಸ್ಕೂಲ್ ಮಾಸ್ಟರ್’ನ ಮುದಿ ಮೇಷ್ಟರೂ ಅವರ ಹೆಂಡತಿಯೂ ಆದರು. ಟಿ. ಜಿ. ಲಿಂಗಪ್ಪ ಸಂಗೀತ ಕೊಟ್ಟರು. ಸೋಸಲೆ ಅಯ್ಯಾಶಾಸ್ತ್ರಿಗಳ ಪ್ರಾರ್ಥನಾ ಗೀತೆ ಈ ಚಿತ್ರದ ಮೂಲಕ ಮತ್ತೊಮ್ಮೆ ಹಳ್ಳಿ ಹಳ್ಳಿಯ ಶಾಲೆಯ ಅಂಗಳ ಮುಟ್ಟಿತು. ತಮಿಳಿನ ಮಹಾನಟ ಶಿವಾಜಿ ಗಣೇಶನ್ ಕನ್ನಡ ಚಿತ್ರದಲ್ಲಿ ಅತಿಥಿಯಾಗಿ ಬಂದು ಹೋದರು.

ಆಗ ಕನ್ನಡ ಚಿತ್ರಕ್ಕೆ ಬಹುಪಾಲು ಮದರಾಸೇ ಗತಿ. ಸ್ಟುಡಿಯೋ ಅಲ್ಲಿ, ಕ್ಯಾಮರಾ ಅಲ್ಲಿ, ಸಾಲ ಕೊಡುವ ಸಾಹುಕಾರನೂ ಅಲ್ಲಿ. ಕನ್ನಡದ ಮಾರುಕಟ್ಟೆಯೊಂದನ್ನೇ ನಂಬಿದರೆ ಹಾಕಿದ ಹಣ ಹುಟ್ಟುವುದು ಕಷ್ಟ. ಹೀಗಿರುವಲ್ಲಿ ಒಂದೇ ಕಥೆಯನ್ನು ಎರಡು ಮೂರು ಭಾಷೆಗಳಲ್ಲಿ ತೆಗೆಯುವುದು ಪಂತುಲು ಅವರ ಪದ್ಮಿನಿ ಪಿಕ್ಚರ್ಸ್‌ನಂಥ ಸಂಸ್ಥೆಗಳಿಗೆ ಬದುಕುವ ದಾರಿಯಾಗಿತ್ತು. 1959ರಲ್ಲಿ ಅವರೇ ಇದನ್ನು ಹಿಂದಿಯಲ್ಲಿ ತೆಗೆದರು. 1964ರಲ್ಲಿ ಅವರ ಗರಡಿಯಲ್ಲಿ ಪಳಗಿದ ಪುಟ್ಟಣ್ಣ ಕಣಗಾಲ್ ಮಲೆಯಾಳದಲ್ಲಿ ನಿರ್ದೇಶಿಸಿದರು. 1972ರಲ್ಲಿ ಎನ್. ಟಿ. ರಾಮರಾವ್ ನಟಿಸಿದ ‘ಬಡಿ ಪಂತುಲು’ ತೆಲುಗಿನಲ್ಲಿ ಬಂತು. ಐದು ಭಾಷೆಯ ಜನ ಒಂದೇ ಕಥೆಗೆ ಅತ್ತರೆಂದರೆ ನೋವು ಐದು ಭಾಷೆಯಲ್ಲೂ ಒಂದೇ ಎಂದಾಯಿತು. ಅದರ ಕಾರಣವೂ ಒಂದೇ ಇರಬೇಕಲ್ಲವೆ?

ಆ ಕಥೆಯೇನು? ಪ್ರಾಮಾಣಿಕನಾದ ಒಬ್ಬ ಮೇಷ್ಟರು. ಊರ ಮಕ್ಕಳನ್ನೆಲ್ಲ ತನ್ನ ಮಕ್ಕಳೆಂದು ತಿದ್ದಿದವರು. ಮುಪ್ಪು ಬರುತ್ತದೆ, ಕೈ ಬರಿದಾಗುತ್ತದೆ. ಹೆತ್ತ ಮಕ್ಕಳು ತಂದೆ ತಾಯಿಗಳನ್ನು ಪಾತ್ರೆ ಪಗಡೆಗಳಂತೆ ಹಂಚಿಕೊಳ್ಳುತ್ತಾರೆ, ತಂದೆ ಒಬ್ಬನ ಮನೆಗೆ, ತಾಯಿ ಇನ್ನೊಬ್ಬನ ಮನೆಗೆ. ಜೀವಮಾನವೆಲ್ಲ ಜೊತೆಯಲ್ಲಿದ್ದ ಗಂಡ ಹೆಂಡಿರು ಮುಪ್ಪಿನಲ್ಲಿ ಅಗಲುತ್ತಾರೆ. ಕಡೆಗೆ, ದೊಡ್ಡ ಅಧಿಕಾರಿಯಾಗಿರುವ ಹಳೆಯ ಶಿಷ್ಯನೊಬ್ಬ ಬಂದು, ಕೈಬಿಟ್ಟ ಮನೆಯನ್ನು ಬಿಡಿಸಿ ಗುರುವಿನ ಪಾದಕ್ಕೆ ಒಪ್ಪಿಸುತ್ತಾನೆ. ಜನ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ.

ಮನೆಗೆ ಹೋದ ಮೇಲೆ ಏನು? ನಮ್ಮ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ.

ಈ ಬಗೆಯ ಚಿತ್ರಗಳು ನಮಗೆ ಎರಡು ಮಾತು ಹೇಳಿಕೊಡುತ್ತವೆ. ಮುದುಕರ ಕಷ್ಟಕ್ಕೆ ಕಾರಣ ಮಕ್ಕಳ ಕಲ್ಲೆದೆ, ಅದರಲ್ಲೂ ಸೊಸೆಯ ಕೆಟ್ಟ ನಾಲಿಗೆ ಎಂಬುದು ಮೊದಲನೆಯದು. ಒಳ್ಳೆಯವನಿಗೆ ಎಂದಾದರೂ ಒಬ್ಬ ಪುಣ್ಯಾತ್ಮ ಕೈ ಹಿಡಿಯಲು ಬಂದೇ ಬರುತ್ತಾನೆ ಎಂಬುದು ಎರಡನೆಯದು. ಎರಡೂ ಸುಳ್ಳು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಲ್ಲೆದೆಯ ಮಕ್ಕಳು ಇಲ್ಲವೆಂದು ನಾವು ಹೇಳುವುದಿಲ್ಲ. ಇದ್ದಾರೆ. ಆದರೆ ಗೌರಿಬಿದನೂರಿನ ಬಟ್ಟೆ ಕಾರ್ಖಾನೆಯಲ್ಲಿ ದುಡಿಯುವ ಹುಡುಗನನ್ನು ತೆಗೆದುಕೊಳ್ಳಿ. ಅವನಿಗಿರುವುದು ಬಾಡಿಗೆಯ ಒಂದು ಕೋಣೆ, ಅದರ ಮೂಲೆಯಲ್ಲೇ ಒಲೆ. ಹೆಂಡತಿಯೂ ಅದೇ ಕಾರ್ಖಾನೆಯಲ್ಲಿ ಮಿಷನ್ ತುಳಿಯುತ್ತಾಳೆ. ಎರಡು ಮಕ್ಕಳ ಶಾಲೆಯ ಫೀಜು. ಹಳ್ಳಿಯಲ್ಲಿ ಅವನ ತಂದೆ ತಾಯಿ, ಇನ್ನೊಂದು ಹಳ್ಳಿಯಲ್ಲಿ ಅವಳ ತಂದೆ ತಾಯಿ. ಎಂಟು ಜನರ ಹೊಟ್ಟೆ, ಇಬ್ಬರ ಕೂಲಿ. ತಂದೆಯನ್ನು ಅಣ್ಣ ಇಟ್ಟುಕೊಳ್ಳಲಿ, ತಾಯಿಯನ್ನು ನಾವು ಇಟ್ಟುಕೊಳ್ಳೋಣ ಎಂದು ಅವನು ಹೇಳಿದರೆ ಅದು ಕಲ್ಲೆದೆಯೋ, ಕೂಲಿಯ ಲೆಕ್ಕವೋ? ದಿನವೆಲ್ಲ ನಿಂತು ದುಡಿದು ಬಂದು ಅತ್ತೆಗೆ ಬಿಸಿನೀರು ಕಾಯಿಸುವ ಸೊಸೆಯನ್ನು ಪರದೆಯ ಮೇಲೆ ರಾಕ್ಷಸಿಯನ್ನಾಗಿ ಮಾಡುವುದು ಬಲು ಸುಲಭ. ಕೂಲಿ ಕೊಡದ ಧಣಿ ಮಾತ್ರ ಪರದೆಗೆ ಬರುವುದೇ ಇಲ್ಲ.

ಇನ್ನು ಶಿಷ್ಯನ ಮಾತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರಂಥ ಮೇಷ್ಟರಿದ್ದರು. ಮದುವೆಯಾಗದೆ ಹಾಸ್ಟೆಲಿನ ಕೋಣೆಯಲ್ಲೇ ಬಾಳಿ, ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ತಂದು, ಶಿಷ್ಯರನ್ನೇ ಸಂಸಾರವೆಂದುಕೊಂಡವರು. ಅಂಥವರಿಗೆ ಕೈಮುಗಿಯುತ್ತೇವೆ. ಆದರೆ ಸಾವಿರಾರು ಜನ ಮೇಷ್ಟರ ಮುಪ್ಪನ್ನು ಶಿಷ್ಯರ ಕೃತಜ್ಞತೆಯ ಮೇಲೆ ಕಟ್ಟಲಾದೀತೆ? ನಾವೂ ಕೆಲಕಾಲ ಪಾಠ ಹೇಳಿ ಬಂದವರೇ. ಮೇಷ್ಟರ ಕೈಯಲ್ಲಿ ಕಲಿತ ಮಕ್ಕಳಲ್ಲಿ ಅಧಿಕಾರಿಯಾಗುವವನು ಒಬ್ಬ; ಉಳಿದವರು ಮಿಲ್ಲಿಗೆ, ಮಂಡಿಗೆ, ಹೊಲಕ್ಕೆ ಹೋಗುವವರು. ಗುರುವಿನ ಮೇಲೆ ಅವರಿಗೂ ಪ್ರೀತಿಯಿದೆ. ಹರಾಜಿನಲ್ಲಿ ಮನೆ ಬಿಡಿಸಲು ಹಣವಿಲ್ಲ.

ಹಾಗೆ ನೋಡಿದರೆ ಸಿನಿಮಾದ ಶಿಷ್ಯ ಮಾಡದ ಕೆಲಸವನ್ನು ಸಂಘ ಮಾಡಿತು. 1960ರ ದಶಕದಲ್ಲಿ ಮೈಸೂರು ರಾಜ್ಯದ ಅನುದಾನಿತ ಶಾಲೆಗಳ ಮೇಷ್ಟರಿಗೆ ಪಿಂಚಣಿ, ಭವಿಷ್ಯನಿಧಿ, ವಿಮೆ ಮೂರನ್ನೂ ಕೂಡಿಸಿದ ತ್ರಿವಿಧ ಸೌಲಭ್ಯ ಯೋಜನೆ ಬಂತು. ಅದು ಯಾರ ಔದಾರ್ಯವೂ ಅಲ್ಲ, ಹಕ್ಕು. ಆ ಹಕ್ಕು ಈಗ ಎಲ್ಲಿದೆ? 2006ರ ಏಪ್ರಿಲ್ 1ರಿಂದೀಚೆಗೆ ಸೇರಿದ ರಾಜ್ಯದ ನೌಕರರನ್ನು ಹೊಸ ಪಿಂಚಣಿ ಯೋಜನೆಗೆ ನೂಕಲಾಯಿತು. ಸಂಬಳದಿಂದ ಹಿಡಿದ ಹಣದ ಒಂದು ಭಾಗ ಷೇರುಪೇಟೆಗೆ ಹೋಗುತ್ತದೆ. ಪೇಟೆ ಏರಿದರೆ ಮೇಷ್ಟರ ಮುಪ್ಪು ಹಸನು, ಇಳಿದರೆ ಹಣೆಬರಹ. ಅತಿಥಿ ಶಿಕ್ಷಕರೆಂಬ ಹೆಸರಿನಲ್ಲಿ ದುಡಿಯುವವರ ಪಾಡು ಇನ್ನೂ ಕಷ್ಟ. ಬೇಸಿಗೆ ರಜೆ ಬಂದರೆ ಗೌರವಧನವಿಲ್ಲ, ನಿವೃತ್ತಿಯ ಮಾತೇ ಇಲ್ಲ. ಇಂದಿನ ಸ್ಕೂಲ್ ಮಾಸ್ಟರ್ ಎಂದರೆ ಈತನೇ.

ಮಿಲ್ಲಿನ ಕಾರ್ಮಿಕನ ಲೆಕ್ಕ ನೋಡೋಣ. 1952ರ ಭವಿಷ್ಯನಿಧಿ ಕಾನೂನು ಮೊದಲು ಮುಟ್ಟಿದ ಆರು ಉದ್ಯಮಗಳಲ್ಲಿ ಬಟ್ಟೆಯೂ ಒಂದು. 1995ರ ನವೆಂಬರಿನಿಂದ ಅದಕ್ಕೆ ಪಿಂಚಣಿ ಯೋಜನೆ ಸೇರಿತು. ಧಣಿ ಕಟ್ಟುವ ಪಾಲಿನಲ್ಲಿ ಶೇಕಡಾ 8.33 ಅದಕ್ಕೆ ಹೋಗುತ್ತದೆ. ಹತ್ತು ವರ್ಷ ಸೇವೆ ತುಂಬದಿದ್ದರೆ ತಿಂಗಳ ಪಿಂಚಣಿಯೇ ಇಲ್ಲ. 2014ರ ಸೆಪ್ಟೆಂಬರಿನಲ್ಲಿ ಸರ್ಕಾರ ಎರಡು ಕಟ್ಟು ಹಾಕಿತು: ಸಂಬಳ ಎಷ್ಟಿದ್ದರೂ ಲೆಕ್ಕಕ್ಕೆ ಹಿಡಿಯುವುದು 15,000 ರೂಪಾಯಿವರೆಗೆ, ಕನಿಷ್ಠ ಪಿಂಚಣಿ 1,000 ರೂಪಾಯಿ. ಹತ್ತು ವರ್ಷ ಉರುಳಿದರೂ ಆ ಸಾವಿರ ಸಾವಿರವಾಗಿಯೇ ಇತ್ತು. ಬೇಳೆ, ಎಣ್ಣೆ, ಔಷಧಿಯ ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆ ಇದಕ್ಕಿಲ್ಲ. ಸಾವಿರವನ್ನು ಮೂವತ್ತರಿಂದ ಭಾಗಿಸಿದರೆ ದಿನಕ್ಕೆ 33 ರೂಪಾಯಿ. ಆಯುಷ್ಯವನ್ನೆಲ್ಲ ಮಗ್ಗದ ಸದ್ದಿನಲ್ಲಿ ಕಿವಿ ಕಳೆದುಕೊಂಡವನಿಗೆ ಇದು ದೊಡ್ಡ ಸಂಸಾರ ಕೊಟ್ಟ ಬಹುಮಾನ.

ಶಿಡ್ಲಘಟ್ಟಕ್ಕೆ ಬನ್ನಿ. ಗೂಡಿನ ಮಾರುಕಟ್ಟೆ ದೇಶಕ್ಕೇ ಹೆಸರಾದದ್ದು. ಆದರೆ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಕುದಿಯುವ ನೀರಿನಿಂದ ಎಳೆ ಹಿಡಿದು ಬೆರಳು ಬೇಯಿಸಿಕೊಂಡ ಹೆಂಗಸರಿಗೆ ಆ ಸಾವಿರವೂ ಇಲ್ಲ. ಯಾತಕ್ಕೆ? ಭವಿಷ್ಯನಿಧಿ ಕಡ್ಡಾಯವಾಗುವುದು 20 ಜನ ದುಡಿಯುವ ಕಡೆ. ಬಿಚ್ಚಣಿಕೆ ಮನೆಗಳಲ್ಲಿ ಬಹಳಷ್ಟು ಅದಕ್ಕಿಂತ ಚಿಕ್ಕವು. ಬೆರಳು ಸುಡುವಾಗ ನೀರು ತಲೆ ಎಣಿಸಿ ಸುಡುವುದಿಲ್ಲ. ಕಾನೂನು ಮಾತ್ರ ತಲೆ ಎಣಿಸಿ ಕಣ್ಣು ಮುಚ್ಚುತ್ತದೆ.

ಚಿಂತಾಮಣಿಯ ಸಣ್ಣ ವ್ಯಾಪಾರಿ ತಾನು ಧಣಿಯೆಂದು ತಿಳಿದಿರಬಹುದು. ಬೆಳಗಿನ ಜಾವ ಮಂಡಿಗೆ ಓಡಿ, ರಾತ್ರಿ ಅಂಗಡಿ ಬಾಗಿಲು ಎಳೆಯುವವರೆಗೆ ಕೂರುವ ಈ ಬಂಧುವಿಗೆ ಮುಪ್ಪಿನಲ್ಲಿ ಏನಿದೆ? 2019ರಲ್ಲಿ ಕೇಂದ್ರ ಸರ್ಕಾರ ಲಘು ವ್ಯಾಪಾರಿಗಳ ಪಿಂಚಣಿ ಯೋಜನೆ ಘೋಷಿಸಿತು. ಸೇರಲು ವಯಸ್ಸು 18ರಿಂದ 40. ಅಂದಿಗೆ 41 ತುಂಬಿದವನು ಹೊರಗೆ. ಸೇರಿದವನು ತಿಂಗಳಿಗೆ 55ರಿಂದ 200 ರೂಪಾಯಿ ತಾನೇ ಕಟ್ಟಬೇಕು. 60 ತುಂಬಿದ ಮೇಲೆ 3,000 ರೂಪಾಯಿ. ಅಂದು 40 ತುಂಬಿದ್ದವನ ಕೈಗೆ ಆ ದುಡ್ಡು ಬರುವುದು 2039ರಲ್ಲಿ. ಆ ಹೊತ್ತಿಗೆ ಮೂರು ಸಾವಿರಕ್ಕೆ ಎಷ್ಟು ಸೇರು ರಾಗಿ ಬರುತ್ತದೆಂದು ರಾಗಿ ಮಾರುವವರಿಗೆ ನಾವು ಹೇಳಬೇಕಾಗಿಲ್ಲ.

ಯಾವ ಪಟ್ಟಿಗೂ ಸೇರದ ಬಡವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಇದೆ. 65 ತುಂಬಿರಬೇಕು, ವರಮಾನ ಪತ್ರ ಬೇಕು. ಸಿಗುವುದು 1,200 ರೂಪಾಯಿ, ದಿನಕ್ಕೆ 40. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ 80 ತುಂಬುವ ತನಕ ದಿಲ್ಲಿಯ ಪಾಲು ತಿಂಗಳಿಗೆ 200 ರೂಪಾಯಿ. ಇದನ್ನು ಹಾಗೆಯೇ ಇಟ್ಟುಕೊಂಡು ಇನ್ನೊಂದನ್ನು ನೋಡಿ: 2025ರ ಮಾರ್ಚಿಯಲ್ಲಿ ನಮ್ಮ ವಿಧಾನಮಂಡಲ ಶಾಸಕರ ಸಂಬಳವನ್ನು 40,000ದಿಂದ 80,000ಕ್ಕೆ ಏರಿಸಿಕೊಂಡಿತು. ದೊಡ್ಡ ಸಂಸಾರದಲ್ಲಿ ಬಡಿಸುವವರು ತಮ್ಮ ಎಲೆಗೆ ಮೊದಲು ಬಡಿಸಿಕೊಂಡರು.

ಪ್ರಶ್ನೆ ಕೇಳಿದರೆ ಸರ್ಕಾರ 2007ರ ಕಾನೂನನ್ನು ತೋರಿಸುತ್ತದೆ. ತಂದೆ ತಾಯಿಗಳು ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾನೂನು. ನೋಡಿಕೊಳ್ಳದ ಮಗನ ಮೇಲೆ ತಂದೆ ಉಪವಿಭಾಗಾಧಿಕಾರಿಗೆ ದೂರು ಕೊಡಬಹುದು; ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಉಳ್ಳವನಾಗಿದ್ದೂ ಕೊಡದ ಮಗನಿಗೆ ಈ ಕಾನೂನು ಇರಲಿ, ನಮ್ಮ ಅಡ್ಡಿಯಿಲ್ಲ. ಆದರೆ ಇಲ್ಲದ ಮಗನ ಜೇಬಿನಿಂದ ಏನನ್ನು ಕೊಡಿಸುವಿರಿ? ಕೂಲಿಯ ತಂದೆಗೂ ಕೂಲಿಯ ಮಗನಿಗೂ ಕಚೇರಿಯ ಮುಂದೆ ಜಗಳ ಹಚ್ಚಿ, ತಾನು ಪಂಚಾಯ್ತಿದಾರನಾಗಿ ಮೇಲೆ ಕುಳಿತುಕೊಳ್ಳುವ ಸರ್ಕಾರದ ಈ ಜಾಣತನ ಮೆಚ್ಚತಕ್ಕದ್ದಲ್ಲ. ಇದು ಆ ಚಿತ್ರದ ಮೊದಲ ಸುಳ್ಳನ್ನೇ ಕಾನೂನು ಮಾಡಿದಂತೆ.

ಬೇರೆ ದೇಶಗಳು ಹೇಗೆ ನಡೆದುಕೊಂಡವು? 1937ರಲ್ಲಿ ಅಮೆರಿಕದಲ್ಲಿ ಇಂಥದೇ ಚಿತ್ರವೊಂದು ಬಂತು, ಲಿಯೋ ಮೆಕ್ಯಾರಿ ಎಂಬವರು ತೆಗೆದದ್ದು. ಅಲ್ಲಿಯೂ ಮನೆ ಕಳೆದುಕೊಂಡ ಮುದಿ ದಂಪತಿಗಳನ್ನು ಮಕ್ಕಳು ಬೇರೆ ಬೇರೆ ಮನೆಗೆ ಹಂಚಿಕೊಳ್ಳುತ್ತಾರೆ. ಆ ದೇಶ ಬರೀ ಅತ್ತು ಸುಮ್ಮನಾಗಲಿಲ್ಲ. ಅದಕ್ಕೆ ಎರಡು ವರ್ಷ ಮೊದಲೇ, 1935ರಲ್ಲಿ, ಸಾಮಾಜಿಕ ಭದ್ರತೆಯ ಕಾನೂನು ಪಾಸಾಗಿತ್ತು. 1940ರ ಜನವರಿಯಲ್ಲಿ ಮೊದಲ ಮಾಸಿಕ ಪಿಂಚಣಿ ಕೈಗೆ ಬಂತು. ಇಂಗ್ಲೆಂಡಿನಲ್ಲಿ 1908ರಲ್ಲೇ ಮುದುಕರಿಗೆ ಪಿಂಚಣಿಯ ಕಾನೂನಾಯಿತು. ನಮ್ಮಲ್ಲೇ ಉತ್ತರ ಪ್ರದೇಶ 1957ರಲ್ಲಿ ವೃದ್ಧಾಪ್ಯ ವೇತನ ಆರಂಭಿಸಿತು, ‘ಎಂಗಳ್ ಕುಡುಂಬಂ ಪೆರಿಸು’ ಬರುವ ಒಂದು ವರ್ಷ ಮೊದಲು. ನಮ್ಮ ಸಂವಿಧಾನದ 41ನೆಯ ಅನುಚ್ಛೇದ ಮುಪ್ಪಿನಲ್ಲಿ ಸಾರ್ವಜನಿಕ ನೆರವು ಪಡೆಯುವುದನ್ನು ಹಕ್ಕು ಎಂದೇ ಕರೆಯುತ್ತದೆ. ಆದಕಾರಣ ನಾವು ಕೇಳುತ್ತಿರುವುದು ಆಕಾಶದ ಚಂದ್ರನನ್ನಲ್ಲ.

ಹಣ ಎಲ್ಲಿದೆ ಎನ್ನುವವರಿಗೆ ಒಂದು ಲೆಕ್ಕ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯನ್ನು ಒಂದೇ ಏಟಿಗೆ ಶೇಕಡಾ 22ಕ್ಕೆ ಇಳಿಸಿತು. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1,45,000 ಕೋಟಿ ರೂಪಾಯಿ ಕಡಿಮೆಯಾಗುತ್ತದೆಂದು ಸರ್ಕಾರವೇ ಹೇಳಿತು. 2024-25ರ ಕೇಂದ್ರ ಬಜೆಟ್ಟಿನಲ್ಲಿ ದೇಶದ ಬಡ ಮುದುಕರು, ವಿಧವೆಯರು, ಅಂಗವಿಕಲರು ಎಲ್ಲರಿಗೂ ಸೇರಿ ಇಟ್ಟದ್ದು 9,652 ಕೋಟಿ. ಸೋಪಿನಿಂದ ಸಿಮೆಂಟಿನವರೆಗೆ ತೆರಿಗೆ ಕೊಟ್ಟು ಈ ಬೊಕ್ಕಸ ತುಂಬಿಸುವವರಲ್ಲಿ ಆ ಮುದುಕರೂ ಸೇರಿದ್ದಾರೆ. ಹಣವಿಲ್ಲವೆಂಬುದು ಸುಳ್ಳು. ಅದು ಯಾರ ಮನೆಗೆ ಹೋಗಬೇಕು ಎಂಬುದೇ ಜಗಳ.

ಸರ್ಕಾರವೇ ದುಡ್ಡು ಕೊಟ್ಟರೆ ಮನೆಯಲ್ಲಿ ಪ್ರೀತಿ ಸಾಯುತ್ತದೆ ಎಂದು ಕೆಲವು ಸಭ್ಯರು ಹೇಳುತ್ತಾರೆ. ಇವರು ಬಡವರ ಮನೆ ಕಂಡವರಲ್ಲ. ತಿಂಗಳಿಗೆ ಐದಾರು ಸಾವಿರ ಸ್ವಂತ ಕೈಯಲ್ಲಿರುವ ಅಜ್ಜಿ ಮೊಮ್ಮಗನಿಗೆ ಬಿಸ್ಕತ್ತು ಕೊಡಿಸಬಲ್ಲಳು, ಮಗನ ಮನೆಗೂ ಮಗಳ ಮನೆಗೂ ತನ್ನ ಬಸ್ಸಿನ ಖರ್ಚಿನಲ್ಲಿ ಹೋಗಿ ಬರಬಲ್ಲಳು, ಗಂಡನನ್ನು ಬಿಟ್ಟು ಬೇರೆ ಇರಬೇಕಾದ ಗತಿ ಅವಳಿಗಿಲ್ಲ. ಪ್ರೀತಿಯನ್ನು ಕೊಲ್ಲುವುದು ಹಣವಲ್ಲ, ಹಂಗು. ಒಂದು ಲೋಟ ಕಾಫಿಗೆ ಸೊಸೆಯ ಮುಖ ನೋಡುವ ಹಂಗು. ಆ ಹಂಗು ತಪ್ಪಿದರೆ ಮುದುಕರಿಗೂ ಸೊಸೆಗೂ ಒಟ್ಟಿಗೆ ಬಿಡುಗಡೆ.

ಚಿತ್ರ ತಯಾರಿಸಿದ ಕೈಗಳನ್ನೂ ಮರೆಯಬಾರದು. ನಿರ್ದೇಶಕರ, ನಟರ ಹೆಸರು ಪರದೆಯ ಮೇಲೆ ಬಂತು. ದೀಪ ಹೊತ್ತವರು, ಗೋಡೆ ಕಟ್ಟಿ ಬಣ್ಣ ಬಳಿದವರು, ಬಣ್ಣದ ಪೆಟ್ಟಿಗೆ ಹಿಡಿದವರು, ಟಾಕೀಸಿನಲ್ಲಿ ರೀಲು ತಿರುಗಿಸಿದವರು, ಇವರೆಲ್ಲ ಸೇರಿದ್ದರಿಂದಲೇ ಅದು ದೊಡ್ಡ ಸಂಸಾರ. ಈ ಕೂಲಿಕಾರರಿಗೆ ಕೆಲಸದ ಕರಾರು ಇರಬೇಕು, ಕ್ಷೇಮನಿಧಿ ಇರಬೇಕು ಎಂದು ದೇಶ ಕಾನೂನು ಮಾಡಿದ್ದು 1981ರಲ್ಲಿ, ಮುದುಕರ ಕಣ್ಣೀರಿನ ಈ ಚಿತ್ರ ಬಂದ 23 ವರ್ಷಗಳ ಮೇಲೆ. 2024ರಲ್ಲಿ ಕರ್ನಾಟಕ ಟಿಕೆಟ್ಟಿನ ಮೇಲೆ ಒಂದರಿಂದ ಎರಡು ಶೇಕಡಾ ಸೆಸ್ ಹಾಕಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮನಿಧಿಗೆ ಕಾನೂನು ಮಾಡಿತು. ಇದು ಸರಿಯಾದ ದಾರಿ. ನೋಡುವ ಪ್ರತಿಯೊಬ್ಬನೂ ಒಂದು ಕಾಸು ಕೊಟ್ಟು ದುಡಿದ ಕೈಯ ಮುಪ್ಪನ್ನು ಕಾಯುವುದು. ರೇಷ್ಮೆ ಉಡುವವರು ನೂಲು ಬಿಚ್ಚಿದವಳಿಗೂ ಹಾಗೆಯೇ ಏಕೆ ಕೊಡಬಾರದು?

ನಮ್ಮ ಬೇಡಿಕೆ ಸ್ಪಷ್ಟ. 60 ತುಂಬಿದ ಪ್ರತಿಯೊಬ್ಬ ದುಡಿಮೆಗಾರನಿಗೂ ಸಣ್ಣ ವ್ಯಾಪಾರಿಗೂ ಕನಿಷ್ಠ ಕೂಲಿಯ ಅರ್ಧದಷ್ಟು ಪಿಂಚಣಿ ಬೇಕು, ಅದು ಬೆಲೆಯೊಂದಿಗೆ ಏರಬೇಕು. ಭವಿಷ್ಯನಿಧಿಗೆ 20 ಜನರ ಮಿತಿ ಹೋಗಬೇಕು. ರೇಷ್ಮೆ ವಹಿವಾಟಿನ ಮೇಲೆ ಸಣ್ಣ ಸೆಸ್ ಹಾಕಿ ಬಿಚ್ಚಣಿಕೆಯವರ ಪಿಂಚಣಿ ನಿಧಿ ತೆರೆಯಬೇಕು. ಮೇಷ್ಟರ ಹಳೆಯ ಪಿಂಚಣಿ ಮರಳಬೇಕು, ಅತಿಥಿ ಶಿಕ್ಷಕರನ್ನು ಖಾಯಂ ಮಾಡಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರುವುದು ಬೇಡ. ಮಿಲ್ಲಿನ ಗೆಳೆಯರು ಗುತ್ತಿಗೆದಾರ ಬದಲಾದಾಗಲೆಲ್ಲ ಕೊಟ್ಟ ಹಳೆಯ ಪಿ.ಎಫ್. ನಂಬರುಗಳನ್ನು ಹುಡುಕಿ ಒಂದೇ ಯು.ಎ.ಎನ್.ಗೆ ಸೇರಿಸಿಕೊಳ್ಳಲಿ, ಚೂರು ಚೂರಾದ ಸೇವೆ ಕೂಡಿದರೆ ಹತ್ತು ವರ್ಷ ತುಂಬೀತು. 65 ತುಂಬಿದ ನೆರೆಯವರಿದ್ದರೆ ನಾಡಕಚೇರಿಗೆ ಜೊತೆಗೆ ಹೋಗಿ ಸಂಧ್ಯಾ ಸುರಕ್ಷಾ ಅರ್ಜಿ ಬರೆದುಕೊಡಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಆ ಕಾಗದವನ್ನು ನಮ್ಮ ಪಕ್ಷದ ಕಚೇರಿಗೆ ತನ್ನಿ. ಒಂದೊಂದಾಗಿ ಹೋದರೆ ಅದು ಅರ್ಜಿ, ನೂರು ಕೂಡಿದರೆ ಚಳವಳಿ.

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡಿಗೆ ಎದೆಯೊಡ್ಡಿದವರು ನಮ್ಮ ಈ ಊರುಗಳ ಜನರೇ. ಅವರು ಯಾವ ದೊರೆಯ ದಯೆಗೂ ಕಾಯಲಿಲ್ಲ. ಪಂತುಲು ಅವರು 1974ರಲ್ಲಿ ತೀರಿಕೊಂಡರು. ಅವರು ಇಟ್ಟ ತಮಿಳು ಹೆಸರು ಮಾತ್ರ ಇನ್ನೂ ಸಾಲದ ಪತ್ರದಂತೆ ನಮ್ಮ ಮುಂದಿದೆ. ಸಂಸಾರ ನಿಜವಾಗಿಯೂ ದೊಡ್ಡದು. ಹಾಗಿದ್ದ ಮೇಲೆ ಅದರ ಮುದುಕರು ಒಬ್ಬ ಒಳ್ಳೆಯ ಶಿಷ್ಯನ ದಾರಿ ಕಾಯುತ್ತ ಬಾಗಿಲಲ್ಲಿ ಕೂರಬೇಕಾಗಿಲ್ಲ. ತಮ್ಮ ಪಾಲನ್ನು ಕೇಳಲಿ. ಅವರ ಜೊತೆಗೆ ನಿಂತು ನಾವೂ ಕೇಳೋಣ.